ಕರ್ತೃವಿನ ಹಕ್ಕು ಕರ್ತೃವಿಗೇ ಇರಲಿ

ನಿಜಾಮನ ಆಳಿಕೆಯಲ್ಲಿ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಹಾಗೆ ಉಳಿದ ನುಡಿಯಲ್ಲಿಯೇ ಇಂದು ಬೀದರ, ಔರಾದಗಳ ಉಪಾಧ್ಯಾಯರು ಬರೆಯುತ್ತಿರುವರು. 1957ರ ಕೃತಿಸ್ವಾಮ್ಯದ ಕಾಯಿದೆಯು ಆ ಬರಹವನ್ನು ಕರ್ತೃವಿನ ಸ್ವತ್ತೆಂದು ಒಪ್ಪಿ, ಅವನ ಮರಣಾನಂತರವೂ 60 ವರ್ಷ ಕಾಯುತ್ತದೆ. ಆದರೆ 2025ರ ಡಿಸೆಂಬರದಲ್ಲಿ ಕೇಂದ್ರ ಸರಕಾರದ ಸಮಿತಿಯೊಂದು, ಕೃತಕ ಬುದ್ಧಿಯ ಯಂತ್ರಗಳ ತರಬೇತಿಗೆ ಕೃತಿಗಳನ್ನು ಕರ್ತೃವಿನ ಒಪ್ಪಿಗೆಯಿಲ್ಲದೆ ಬಳಸುವ ಕಡ್ಡಾಯ ಪರವಾನಿಗೆಯನ್ನು ಸೂಚಿಸಿತು. ಸಂಭಾವನೆಯುಂಟು, ಬೇಡವೆನ್ನುವ ಹಕ್ಕಿಲ್ಲ! ಒಡೆಯನನ್ನು ಕೇಳದೆ ಹೊಲವನ್ನು ಪರರಿಗೊಪ್ಪಿಸಿ, ಗೇಣಿಯನ್ನೂ ಪರರೇ ಗೊತ್ತುಪಡಿಸಿದರೆ ಅದು ನ್ಯಾಯವೇ? ಯಂತ್ರವು ಕನ್ನಡವನ್ನು ಕಲಿಯುವುದು ನಮಗೂ ಬೇಕು. ಆದರೆ ಕೇಳಿ ಕಲಿಯಲಿ. ನಿರಾಕರಿಸುವ ಹಕ್ಕನ್ನು ಕಾಯಿದೆಯಲ್ಲಿ ಉಳಿಸತಕ್ಕದ್ದೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ.