ಅಗ್ನಿಶಾಮಕ ಠಾಣೆಗೆ ಊರಿನ ಸ್ವಯಂಸೇವಕರು ಬೇಕೇ?

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಜೊತೆ ಊರಿನ ಯುವಕರ ಸ್ವಯಂಸೇವಕ ಪಡೆ ಕಟ್ಟಬೇಕೇ? ಒಬ್ಬ ಕಾಲೇಜು ಉಪನ್ಯಾಸಕರು ಹೌದು ಎನ್ನುತ್ತಾರೆ, ಒಬ್ಬ ನಿವೃತ್ತ ಪ್ರಮುಖ ಅಗ್ನಿಶಾಮಕರು ಬೇಡ ಎನ್ನುತ್ತಾರೆ.

ಪರ: ವಾಹನ ಬರುವ ತನಕ ಯಾರು?
(ಸೇಡಂ ತಾಲ್ಲೂಕಿನ ಕಾಲೇಜು ಉಪನ್ಯಾಸಕ, ಎನ್‌ಎಸ್‌ಎಸ್ ಅಧಿಕಾರಿ)

ಹಳ್ಳಿಗೆ ಅಗ್ನಿಶಾಮಕ ವಾಹನ 20 ನಿಮಿಷದೊಳಗೆ ತಲುಪಬೇಕು ಎಂಬುದು ದೇಶದ ಮಾನದಂಡ. ನಮ್ಮ ರಸ್ತೆಗಳಲ್ಲಿ ಗಂಟೆಗೆ 40 ಕಿ.ಮೀ. ವೇಗ ಹಿಡಿದರೂ ಅಷ್ಟರಲ್ಲಿ ಸಾಗುವ ದಾರಿ 13 ಕಿ.ಮೀ. ಕೊಂಚಾವರಂ ಕಾಡಂಚಿನ ತಾಂಡಾಗಳು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಮಳಖೇಡದಲ್ಲಿ ಕಾಗಿಣಾ ನದಿ ಸೇತುವೆಯ ಮೇಲೆ ಹರಿದರೆ ಸೇಡಂ–ಕಲಬುರಗಿ ದಾರಿಯೇ ಬಂದ್. ತೊಗರಿ ರಾಶಿ ಮುಗಿದ ಮೇಲೆ ಹೊಟ್ಟು, ಕಟ್ಟಿಗೆ, ಜೋಳದ ಕಣಕಿ ಬಣವೆ ಎಲ್ಲವೂ ಮನೆಗಳ ಬೆನ್ನಿಗೇ ಇರುತ್ತವೆ. ಒಂದಕ್ಕೆ ಕಿಡಿ ತಾಗಿದರೆ ಮುಂದಿನದನ್ನು ಉಳಿಸಬೇಕಾದವರು ಅಲ್ಲೇ ಇರುವವರು.

ಎರಡನೆಯದಾಗಿ, ಇಲ್ಲಿ ಬೆಂಕಿ ಒಂದೇ ಆಪತ್ತಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಜಿಲ್ಲೆಗೆ ಸೇನೆ, ಎನ್‌ಡಿಆರ್‌ಎಫ್ ಬರಬೇಕಾಯಿತು. ಮರುವರ್ಷ ಅದೇ ತಿಂಗಳು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಒಂದು ಕಂಪನ 4.1ರಷ್ಟಿತ್ತು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಎಲ್ಲಿ ನಿಲ್ಲಬೇಕು, ಯಾವ ಗೋಡೆಯಿಂದ ದೂರ ಇರಬೇಕು ಎಂದು ಹೇಳಬಲ್ಲ ಹತ್ತು ಜನ ಪ್ರತಿ ಊರಲ್ಲಿ ಬೇಡವೇ?

ಮೂರನೆಯದಾಗಿ, ದಾರಿ ಈಗಾಗಲೇ ಇದೆ. ಕೇಂದ್ರದ ‘ಆಪದ ಮಿತ್ರ’ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನಗಳ ತರಬೇತಿ ಇದೆ, ರಕ್ಷಣಾ ಸಾಮಗ್ರಿಯ ಕಿಟ್ ಇದೆ. ಚಿಲಿ ದೇಶದ ಅಗ್ನಿಶಾಮಕ ಪಡೆ ಪೂರ್ತಿ ಸ್ವಯಂಸೇವಕರದೇ, ಜರ್ಮನಿಯಲ್ಲೂ ಬಹುಪಾಲು ಅವರೇ.

ಬೇಸಿಗೆಯಲ್ಲಿ ಹುಡುಗರು ಪುಣೆ, ಹೈದರಾಬಾದಿಗೆ ಗುಳೆ ಹೋಗಿರುತ್ತಾರಲ್ಲ ಎನ್ನಬಹುದು. ನಿಜ, ಬೆಂಕಿ ಹೆಚ್ಚಾಗುವ ತಿಂಗಳಲ್ಲೇ ಊರು ಖಾಲಿ. ಅದಕ್ಕೆ ಸ್ವಸಹಾಯ ಸಂಘದ ಮಹಿಳೆಯರನ್ನು ಸೇರಿಸಿಕೊಳ್ಳಬೇಕು. ಮಿಕ್ಕ ತೊಡಕುಗಳನ್ನು ಜಿಲ್ಲಾಡಳಿತ ಬಗೆಹರಿಸಬಲ್ಲದು.

ವಿರೋಧ: ಬಿಲ್ಲೆ ಬೇಡ, ಹುದ್ದೆ ಕೊಡಿ
(ನಿವೃತ್ತ ಪ್ರಮುಖ ಅಗ್ನಿಶಾಮಕ)

ನಮ್ಮ ಭಾಗದ ಹುಡುಗರಲ್ಲಿ ಸೇವಾಭಾವ ಬೆಳೆಸಬೇಕು ಎನ್ನುವ ಭಾಷಣ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ರಸ್ತೆಯಲ್ಲಿ ಗಾಡಿ ಹೊತ್ತಿಕೊಂಡರೆ ಬರಿಗೈಯಲ್ಲಿ ಬಾಗಿಲು ಕೀಳಲು ಓಡುವವರು ಇವರೇ. ಅವರಿಗೆ ಸೇವಾಭಾವ ಧಾರಾಳವಾಗಿದೆ. ಇಲ್ಲದಿರುವುದು ನೌಕರಿ.

ಸಂವಿಧಾನದ 371(ಜೆ) ವಿಧಿ ಸುಮ್ಮನೆ ಬರಲಿಲ್ಲ. ಚಿಂಚೋಳಿಯಿಂದ ಶಾಸಕರಾಗಿದ್ದ ವೈಜನಾಥ ಪಾಟೀಲರು ಅದಕ್ಕಾಗಿ ದಶಕಗಳ ಕಾಲ ಹೋರಾಡಿದರು. 2012ರ ಕೊನೆಗೆ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿತು. ಈ ನೆಲದ ಮಕ್ಕಳಿಗೆ ಸರ್ಕಾರಿ ಹುದ್ದೆಯಲ್ಲಿ ಪಾಲು ಸಿಗಲಿ ಎಂಬುದೇ ಅದರ ಜೀವ. ಈಗ ಅದೇ ಮಕ್ಕಳಿಗೆ ಹುದ್ದೆಯ ಬದಲು ಟೋಪಿ, ಬಿಲ್ಲೆ, ಪ್ರಮಾಣಪತ್ರ ಕೊಟ್ಟು ಅದೇ ಕೆಲಸ ಮಾಡಿಸುವುದನ್ನು ನಾನು ಒಪ್ಪಲಾರೆ.

ಇದು ಬರೀ ಅನುಮಾನ ಅಲ್ಲ. ಗೃಹರಕ್ಷಕ ದಳವನ್ನು ನೋಡಿ. 1962ರ ಕಾಯ್ದೆಯ ಪ್ರಕಾರ ಅದು ಸ್ವಯಂಸೇವೆಯ ದಳ, ತುರ್ತು ಸಂದರ್ಭಗಳಿಗೆಂದು ಕಟ್ಟಿದ್ದು. ಇಂದು ಅವರು ಸಂಚಾರ ನಿಯಂತ್ರಣದಲ್ಲಿ, ಜಾತ್ರೆಯಲ್ಲಿ, ಚುನಾವಣೆಯಲ್ಲಿ, ನಮ್ಮ ಠಾಣೆಗಳಲ್ಲಿ ಸಹ ದಿನಭತ್ಯೆಯ ಮೇಲೆ ನಿಲ್ಲುತ್ತಾರೆ. ನನ್ನ ಪಕ್ಕದಲ್ಲಿ ಅದೇ ಹೋಸ್ ಹಿಡಿದವನಿಗೆ ನನ್ನ ಸಂಬಳ ಇರಲಿಲ್ಲ, ಪಿಂಚಣಿಯೂ ಇಲ್ಲ. ಕೈಗೆ ಅಗ್ಗದ ಜನ ಸಿಕ್ಕ ಮೇಲೆ ಖಾಲಿ ಹುದ್ದೆ ತುಂಬುವ ಅವಸರ ಯಾವ ಇಲಾಖೆಗೂ ಇರುವುದಿಲ್ಲ. ಸ್ವಯಂಸೇವಕರು ಬಂದರೆ ಭತ್ಯೆಯೂ ಉಳಿಯಿತು.

ಜರ್ಮನಿಯ ಮಾತು ಬಂತು. ಅಲ್ಲಿಯ ಸ್ವಯಂಸೇವಕನಿಗೆ ಬೇರೆ ನೌಕರಿ ಇದೆ. ಬೆಂಕಿಗೆ ಹೋದ ಹೊತ್ತಿನ ಸಂಬಳವನ್ನು ಕಡಿಯುವಂತಿಲ್ಲ ಎಂದು ಕಾನೂನೂ ಇದೆ. ಶಹಾಬಾದಿನ ಪರಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವನು ಅರ್ಧ ದಿನ ಬಿಟ್ಟು ಬಂದರೆ ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ? ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕಾರ್ಮಿಕ ಪಾಳಿಯ ನಡುವೆ ಎದ್ದು ಬರುವಂತಿದೆಯೇ?

ಹನ್ನೆರಡು ದಿನಗಳ ತರಬೇತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರಲ್ಲಿ ಬಂಡೀಪುರದ ಬೆಂಕಿಯಲ್ಲಿ ಸತ್ತದ್ದು ಅರಣ್ಯ ರಕ್ಷಕ. 2023ರಲ್ಲಿ ಸಕಲೇಶಪುರದ ಕಾಡುಮನೆ ಕಡೆ ಸತ್ತದ್ದೂ ಅರಣ್ಯ ರಕ್ಷಕನೇ. ಕಾಡೇ ಕೆಲಸವಾಗಿದ್ದವರ ಗತಿ ಇದು. ಬೆಂಕಿಯಷ್ಟೇ ಅಲ್ಲ, ಮಲದ ಗುಂಡಿಗೆ ಇಳಿದವನು ಪ್ರಜ್ಞೆ ತಪ್ಪಿದರೆ ಅವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಸಾಯುತ್ತಾರೆ. ಅಲ್ಲಿ ಬೇಕಾದದ್ದು ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್, ಮೇಲೆ ಹಗ್ಗ ಹಿಡಿದ ಅನುಭವಸ್ಥ. ಧೈರ್ಯ ಅಲ್ಲಿ ಆಳನ್ನು ಕೊಲ್ಲುತ್ತದೆ.

ವಾಹನ ತಲುಪಬೇಕಾದ ದೂರದ ಮಾತು ನಿಜ. ವಾಟರ್ ಟೆಂಡರಿನಲ್ಲಿ ಸುಮಾರು 4,500 ಲೀಟರ್ ನೀರು ಇರುತ್ತದೆ. ಎರಡು ಕಡೆಯಿಂದ ಹೊಡೆದರೆ ಕೆಲವೇ ನಿಮಿಷ. ಎಷ್ಟೋ ಸಲ ನಾವು ತಲುಪುವಷ್ಟರಲ್ಲಿ ಬಣವೆ ಬೂದಿಯಾಗಿರುತ್ತಿತ್ತು, ಪಕ್ಕದ ಮನೆಗಳನ್ನು ಕೊಡ ಕೊಡ ನೀರು ಹೊತ್ತು ಊರವರೇ ಉಳಿಸಿಕೊಂಡಿರುತ್ತಿದ್ದರು. ನೀರು ನಿಂತ ಹಳೇ ಗಣಿಗೆ ಬಿದ್ದವರನ್ನು ಮೇಲೆತ್ತಿದವರೂ ಹೆಚ್ಚಾಗಿ ಊರಿನ ಈಜುಗಾರರೇ. ಅವರಿಗೆ ಹಗ್ಗ, ಲೈಫ್ ಜಾಕೆಟ್ ಕೊಡಿ. ಎದೆ ಒತ್ತಿ ಜೀವ ಉಳಿಸುವುದನ್ನು ಪ್ರತಿ ಪಂಚಾಯಿತಿಯಲ್ಲೂ ಕಲಿಸಿ. ಕರೆದರೆ ನಾನೇ ಬಂದು ಕಲಿಸುತ್ತೇನೆ.

ಆದರೆ ಠಾಣೆಯ ಖಾಲಿ ಹುದ್ದೆಯ ಎದುರು ಅವರ ಹೆಸರು ಬರೆಯಬೇಡಿ. ಮೊದಲು ನೇಮಕಾತಿ ಆಗಲಿ. ಹೀಗೆ ಕಲಿತವರು ಅರ್ಜಿ ಹಾಕಿದರೆ ಅವರಿಗೆ ಕೃಪಾಂಕ ಕೊಡುವ ನಿಯಮವನ್ನೂ ನೇಮಕಾತಿಯ ಅಧಿಸೂಚನೆಯಲ್ಲೇ ಸೇರಿಸಲಿ.