ಕತ್ತಲೆಯಿಂದ ಹೆರೆದು ತೆಗೆದ ಮುಖಗಳು

ಬಿಳಿಯ ಕಾಗದದ ಮೇಲೆ ಕಪ್ಪು ರೇಖೆಯನ್ನೆಳೆದು ಚಿತ್ರ ಬರೆಯುವುದು ಲೋಕರೂಢಿ. ಇದಕ್ಕೆ ಕೇವಲ ವಿಪರೀತವಾಗಿ, ಮೊದಲು ಸಮಸ್ತವನ್ನೂ ಕಪ್ಪುಮಾಡಿ, ಆ ಅಂಧಕಾರದೊಳಗಿಂದ ಮುಖವನ್ನು ಹೊರತೆಗೆಯುವ ಮುದ್ರಣಕಲೆಯೊಂದುಂಟು. ಅದರ ಹೆಸರು ಮೆಜೋಟಿಂಟ್. ಇಟಲಿಯ ಭಾಷೆಯಲ್ಲಿ ಅರೆಬಣ್ಣವೆಂದರ್ಥ. ಇದರ ಮೂಲಪುರುಷನು ಲುಡ್ವಿಗ್ ಫಾನ್ ಸೀಗೆನ್. ಜರ್ಮನಿಯ ಹೆಸ್ಸೆ-ಕಾಸೆಲ್ ಸಂಸ್ಥಾನವನ್ನಾಳುತ್ತಿದ್ದ ರಾಜಮಾತೆ ಅಮೇಲಿಯಾ ಎಲಿಜಬೆತ್ತಳ ಮುಖವನ್ನು ಈತನು 1642ರಲ್ಲಿ ಅಚ್ಚಿಗೆ ತಂದನು. ಆದರೆ ಈ ಕಲೆ ಪೂರ್ಣಯೌವನಕ್ಕೆ ಬಂದುದು 18ನೆಯ ಶತಮಾನದ ಲಂಡನ್ನಿನಲ್ಲಿ. ಫ್ರೆಂಚರು ಇದನ್ನು ಆಂಗ್ಲಪದ್ಧತಿಯೆಂದೇ ಕರೆದರು.

ಕ್ರಮ ಹೀಗೆ. ಕಮಾನಿನಂತೆ ಬಾಗಿದ ಅಂಚಿನಲ್ಲಿ ಸೂಕ್ಷ್ಮವಾದ ಹಲ್ಲುಗಳುಳ್ಳ ಉಕ್ಕಿನ ಉಳಿಯನ್ನು ತಾಮ್ರದ ತಗಡಿನ ಮೇಲೆ ನಿಲ್ಲಿಸಿ, ತೊಟ್ಟಿಲನ್ನು ತೂಗುವಂತೆ ಅತ್ತಿತ್ತ ತೂಗುತ್ತ ಸಾಗಬೇಕು. ಒಂದು ದಿಕ್ಕಾದ ಮೇಲೆ ಇನ್ನೊಂದು, ಬಳಿಕ ಮೂಲೆಯಿಂದ ಮೂಲೆಗೆ. ಬೇಸರದ ಈ ದುಡಿಮೆಯಿಂದ ತಗಡೆಲ್ಲವೂ ಒರಟಾಗುವುದು. ತಾಳೆಯೋಲೆಯನ್ನು ಕಂಟದಿಂದ ಕೊರೆದು, ಮಸಿ ಸವರಿ ಒರೆಸಿದರೆ, ಕೊರೆದೆಡೆಯಲ್ಲಿ ಮಾತ್ರ ಮಸಿ ನಿಲ್ಲುವುದಷ್ಟೆ, ಇಲ್ಲಿಯೂ ನ್ಯಾಯವೊಂದೇ. ಆಗ ಅಚ್ಚೊತ್ತಿದರೆ ದೊರೆಯುವುದು ಅಮಾವಾಸ್ಯೆಯ ರಾತ್ರಿ. ಕಲಾವಿದನ ನಿಜವಾದ ಕೆಲಸ ಅನಂತರ. ಹಣೆ ಹೊಳೆಯಬೇಕಾದೆಡೆಯಲ್ಲಿ ಕೂರಲಗಿನಿಂದ ಹೆರೆದು ನುಣುಪುಮಾಡುವನು. ಕೆನ್ನೆಯ ತಿರುವಿನಲ್ಲಿ ಅರೆಯಾಗಿ ಹೆರೆಯುವನು. ಕಣ್ಣಿನ ಪಾಪೆಯನ್ನು ಮುಟ್ಟದೆ ಬಿಡುವನು. ರೇಖೆಯೆಂಬುದೇ ಇಲ್ಲ, ಇರುವುದೆಲ್ಲ ಛಾಯೆ.

ಆದರೆ ತಾಮ್ರದ ಆ ನವುರಾದ ಒರಟು ಒಂದೊಂದು ಒತ್ತಿಗೂ ಸವೆಯುವುದು. ನೂರು ಪ್ರತಿಗಳಾಗುವಷ್ಟರಲ್ಲಿ ಮಖಮಲ್ಲಿನಂತಹ ಕಪ್ಪು ಬೂದಿಯ ಬಣ್ಣಕ್ಕೆ ತಿರುಗತೊಡಗುವುದು. ಆದುದರಿಂದಲೇ ಸಂಗ್ರಾಹಕರು ಮೊದಮೊದಲ ಪ್ರತಿಗಳಿಗಾಗಿ ಹಾತೊರೆಯುವರು.

ಡಬ್ಲಿನ್ನಿನಿಂದ ಲಂಡನ್ನಿಗೆ ಬಂದ ಜೇಮ್ಸ್ ಮೆಕಾರ್ಡೆಲ್ ಈ ವಿದ್ಯೆಯಲ್ಲಿ ಅಗ್ರಗಣ್ಯನು. ಸರ್ ಜೋಷುವಾ ರೆನಾಲ್ಡ್ಸನ ವರ್ಣಚಿತ್ರಗಳನ್ನು ಈತನು ತಾಮ್ರಕ್ಕಿಳಿಸುತ್ತಿದ್ದನು. ತಾನು ಅಮರನಾಗುವುದು ಈ ಮನುಷ್ಯನಿಂದಲೇ ಎಂದು ರೆನಾಲ್ಡ್ಸನು ನುಡಿದನೆಂಬ ಐತಿಹ್ಯವಿದೆ. ಅದು ಬರಿಯ ಉಪಚಾರದ ಮಾತಾಗಿ ಉಳಿಯಲಿಲ್ಲ. ರೆನಾಲ್ಡ್ಸನಿಗೆ ಬಣ್ಣಗಳ ಪ್ರಯೋಗದಲ್ಲಿ ಅತ್ಯಾಸಕ್ತಿ. ಆತನು ಬಳಸಿದ ಕೆಂಪಾದರೋ ಬಾಳುವಂತಹುದಲ್ಲ. ಆತನ ಜೀವಿತಕಾಲದಲ್ಲಿಯೇ ಎಷ್ಟೋ ಚಿತ್ರಗಳಲ್ಲಿ ಕೆನ್ನೆಗಳು ಬಿಳಿಚಿಕೊಂಡವು. ಮಸಿಗೆ ಆ ವ್ಯಾಧಿಯಿಲ್ಲ. ಅಂತಹ ಮುಖಗಳ ಮೊದಲಿನ ನೆಳಲುಬೆಳಕನ್ನು ಅರಿಯಬೇಕಾದರೆ ಅಚ್ಚಿನ ಪ್ರತಿಯನ್ನೇ ನೋಡಬೇಕಾಗುವುದು.

ಹೀಗಿದ್ದರೂ, 1768ರಲ್ಲಿ ಲಂಡನ್ನಿನಲ್ಲಿ ರಾಯಲ್ ಅಕಾಡೆಮಿ ಸ್ಥಾಪಿತವಾಗಿ, ರೆನಾಲ್ಡ್ಸನೇ ಪ್ರಥಮಾಧ್ಯಕ್ಷನಾದಾಗ, ಕೆತ್ತನೆಗಾರರಿಗೆಂದು ಅಲ್ಲಿ ಪೂರ್ಣಸ್ಥಾನವಿರಲಿಲ್ಲ. ಮುಂದೆ ಲಭಿಸಿದುದೂ ಕೆಳಗಣ ಪಂಕ್ತಿಯ ಸಹಸದಸ್ಯತ್ವವಷ್ಟೆ. ಅನ್ಯರ ಕೃತಿಯನ್ನು ಅನುಕರಿಸುವವನಿಗೆ ಸ್ವಂತ ಕಲ್ಪನೆಯಿಲ್ಲವೆಂಬುದು ಅವರ ವಾದ. ಮಲ್ಲಿನಾಥನ ವ್ಯಾಖ್ಯಾನವನ್ನು ಹಿಡಿದು ಕಾಳಿದಾಸನನ್ನು ಓದಿದ ನಮ್ಮಂತಹವರು ಇದನ್ನೊಪ್ಪುವುದು ಕಷ್ಟ. ಮೇಲಾಗಿ, ಥಾಮಸ್ ಫ್ರೈ ಎಂಬಾತನು ಅನ್ಯರ ಚಿತ್ರವನ್ನು ಆಶ್ರಯಿಸದೆ, ಆಳಳತೆಯ ಮುಖಗಳನ್ನು ತಾನೇ ರಚಿಸಿ 1760ರ ಸುಮಾರಿಗೇ ತಾಮ್ರದಲ್ಲಿ ಮೂಡಿಸಿದ್ದನು. ಮೆಕಾರ್ಡೆಲ್ಲನು ನಲವತ್ತು ತುಂಬುವ ಮೊದಲೇ, 1765ರಲ್ಲಿ, ಗತಿಸಿದನು. ಮೆಜೋಟಿಂಟಿನವನೇ ಆದ ಸ್ಯಾಮ್ಯುಯೆಲ್ ಕಸಿನ್ಸನಿಗೆ ಆ ಸಭೆಯಲ್ಲಿ ಪೂರ್ಣಾಸನ ದೊರೆತುದು 1855ರಲ್ಲಿ.