ಇರುಮುಡಿಯ ಕಾಯಿಗೆ ದಾರಿ, ಉಡಿಯ ಕಾಯಿಗೆ ತಡೆ: ವಿಮಾನ ನಿಲ್ದಾಣದ ನಿಯಮ ಯಾರಿಗೆ ಬಾಗುತ್ತದೆ?

ಕುಷ್ಟಗಿ ಕಡೆಯ ಒಬ್ಬ ಹೆಣ್ಣುಮಗಳು ತವರಿಗೆ ಬಂದು ದಿಲ್ಲಿಗೆ ವಾಪಸ್ ಹೊರಟಿದ್ದಾಳೆ ಅಂದುಕೊಳ್ಳಿ. ಕೊಪ್ಪಳ ಜಿಲ್ಲೆಯಲ್ಲಿ ನಾಗರಿಕರಿಗೆ ವಿಮಾನ ನಿಲ್ದಾಣ ಇಲ್ಲ. ಹುಬ್ಬಳ್ಳಿಗೋ, ಗಂಗಾವತಿ ಕಡೆಯವರಾದರೆ ತೋರಣಗಲ್ಲಿನ ವಿದ್ಯಾನಗರಕ್ಕೋ, ಇಲ್ಲಾ ಸೀದಾ ಬೆಂಗಳೂರಿಗೋ ಹೋಗಬೇಕು. ಹೊರಡುವ ಮುಂಚೆ ಅವ್ವ ಉಡಿ ತುಂಬುತ್ತಾಳೆ: ಅಕ್ಕಿ, ಕುಪ್ಪಸದ ಕಣ, ಅಡಿಕೆ, ಉತ್ತತ್ತಿ, ಅರಿಷಿಣ ಬೇರು, ಜೊತೆಗೊಂದು ತೆಂಗಿನಕಾಯಿ. “ಉಡಿಯಾಗಿನ ಕಾಯಿ ಎಲ್ಲೂ ಬಿಟ್ಟು ಹೋಗಬ್ಯಾಡವ್ವ” ಅನ್ನೋ ಮಾತೂ ಇರುತ್ತದೆ.

ತಪಾಸಣೆಯಲ್ಲಿ ಆ ಕಾಯಿ ಸಿಕ್ಕಿಬೀಳುತ್ತದೆ. ಇಡೀ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ದೊಡ್ಡ ಬ್ಯಾಗಿನಲ್ಲಿ ಹಾಕಬಹುದಿತ್ತು, ಆದರೆ ಅದು ಕೌಂಟರ್‌ನಲ್ಲಿ ಆಗಲೇ ಹೋಗಿಬಿಟ್ಟಿದೆ. ಕಾಯಿಯ ಬದಲು ಕೊಬ್ಬರಿ ಬಟ್ಟಲು ಇದ್ದರೆ ಕಥೆ ಉಲ್ಟಾ: ಅದನ್ನು ದೊಡ್ಡ ಬ್ಯಾಗಿನಲ್ಲಿ ಹಾಕುವುದೇ ತಪ್ಪು.

ಕೊಬ್ಬರಿ ನಿಯಮಕ್ಕಾದರೂ ಒಂದು ಕಾರಣ ಇದೆ. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಜಾಸ್ತಿ, ತಾನಾಗಿಯೇ ಬಿಸಿಯಾಗುವ ಗುಣ ಇದೆ. ಹಾಗಾಗಿ ಅಂತಾರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ಒಪ್ಪುತ್ತೀರೋ ಬಿಡುತ್ತೀರೋ, ವಾದ ಮಾಡೋಕೆ ಅಲ್ಲೊಂದು ಆಧಾರ ಸಿಗುತ್ತದೆ. ಆದರೆ ಹಸಿಕಾಯಿ?

2022ರ ನವೆಂಬರ್‌ನಲ್ಲಿ, ವಿಮಾನಯಾನದ ಭದ್ರತಾ ನಿಯಮ ರೂಪಿಸುವ ಕೇಂದ್ರದ ಸಂಸ್ಥೆ ಬಿಸಿಎಎಸ್, ಶಬರಿಮಲೆ ಯಾತ್ರಿಗಳ ಇರುಮುಡಿಯಲ್ಲಿನ ಕಾಯಿಯನ್ನು ಕೈಚೀಲದಲ್ಲಿ ಒಯ್ಯಲು ಬಿಟ್ಟಿತು. 2023ರ ಜನವರಿ 20ಕ್ಕೆ ಆ ವಿನಾಯಿತಿ ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಸಚಿವ ರಾಮಮೋಹನ್ ನಾಯ್ಡು ಅಂಥದ್ದೇ ವಿನಾಯಿತಿಯನ್ನು 2025ರ ಜನವರಿ 20ರವರೆಗೆ ಘೋಷಿಸಿದರು. ಷರತ್ತು ಇಷ್ಟೇ: ಎಕ್ಸ್-ರೇ ಆಗಬೇಕು, ಸ್ಫೋಟಕದ ಕುರುಹು ಹುಡುಕುವ ಯಂತ್ರದಲ್ಲಿ ಪಾಸಾಗಬೇಕು, ಸಿಬ್ಬಂದಿ ಕೈಯಿಂದ ಮುಟ್ಟಿ ನೋಡಬೇಕು.

ಅಯ್ಯಪ್ಪ ಮಾಲೆ ಹಾಕಿದವರಿಗೆ ಈ ಅನುಕೂಲ ಸಿಕ್ಕಿದ್ದು ಒಳ್ಳೆಯದೇ. ತಕರಾರು ಅದಲ್ಲ. ಆ ಮೂರು ಪರೀಕ್ಷೆ ಸಾಕು ಅಂತಾದರೆ ಉಡಿಯ ಕಾಯಿಗೂ ಸಾಕು, ಹನುಮ ಮಾಲೆ ಧರಿಸಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬಂದವರ ಕಾಯಿಗೂ ಸಾಕು, ಅಡುಗೆಗೆ ಒಯ್ಯುವ ಕಾಯಿಗೂ ಸಾಕು. ಸಾಲದು ಅಂತಾದರೆ ಜನವರಿ 20ರವರೆಗೆ ಸುರಕ್ಷಿತವಾಗಿದ್ದ ಕಾಯಿ 21ರಂದು ಅಪಾಯಕಾರಿ ಆಗಿದ್ದು ಹೇಗೆ? ಯಂತ್ರಕ್ಕೆ ತೆಂಗಿನಕಾಯಿ ಕಾಣುತ್ತದೆ, ಹರಕೆ ಕಾಣುವುದಿಲ್ಲ.

ಹಾಗಂತ ಯಾರಿಗೂ ವಿನಾಯಿತಿ ಬೇಡ ಅಂತಲ್ಲ. ಸಿಖ್ಖರ ಕಿರ್ಪಾಣ್ ನೋಡಿ. 2022ರ ಮಾರ್ಚ್‌ನ ಆದೇಶದ ಪ್ರಕಾರ ದೇಶದೊಳಗಿನ ವಿಮಾನಗಳಲ್ಲಿ ಮಾತ್ರ ಅದಕ್ಕೆ ಅವಕಾಶ. ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರುವಂತಿಲ್ಲ. ಅದರ ಹಿಂದೆ ಸಂವಿಧಾನದ 25ನೇ ವಿಧಿಯ ವಿವರಣೆ ಇದೆ. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2022ರ ಡಿಸೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ವಜಾ ಮಾಡಿತು. ಅಳತೆ, ಮಿತಿ, ಕಾನೂನಿನ ಆಧಾರ ಮೂರೂ ಕಣ್ಣೆದುರಿಗಿವೆ. ಇರುಮುಡಿಯ ವಿನಾಯಿತಿಯಲ್ಲಿ ಕಾಣುವುದು ಒಂದು ಕೊನೆಯ ದಿನಾಂಕ ಮಾತ್ರ.

ಇಲ್ಲಿ ರಾಜಕೀಯ ಶುರುವಾಗುತ್ತದೆ. ಶಬರಿಮಲೆ ಯಾತ್ರೆಗೆ ಸೀಸನ್ ಇದೆ, ಲಕ್ಷಾಂತರ ಜನರಿದ್ದಾರೆ, ದಿಲ್ಲಿಗೆ ದನಿ ಮುಟ್ಟಿಸುವ ಸಂಘಟನೆಗಳಿವೆ. ಉಡಿ ತುಂಬುವುದು ಮನೆಯೊಳಗಿನ ಹೆಂಗಸರ ಆಚರಣೆ. ಅದಕ್ಕೆ ಸಂಘವಿಲ್ಲ, ಸೀಸನ್ನಿಲ್ಲ, ಮನವಿ ಪತ್ರವೂ ಇಲ್ಲ. ಇನ್ನೂ ಮೇಲಕ್ಕೆ ಹೋದರೆ, ತಪಾಸಣೆಯೇ ಬೇಡವಾದ ಗಣ್ಯರ ಪಟ್ಟಿಯೊಂದಿದೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಅದರಲ್ಲಿದ್ದಾರೆ. ಎಸ್‌ಪಿಜಿ ಭದ್ರತೆ ಇರುವವರ ಜೊತೆ ಪ್ರಯಾಣಿಸುವಾಗ ಅನ್ವಯಿಸುವಂತೆ, ಯಾವ ಹುದ್ದೆಯೂ ಇಲ್ಲದ ರಾಬರ್ಟ್ ವಾದ್ರಾ ಅವರ ಹೆಸರೂ ಅದರಲ್ಲಿತ್ತು. 2015ರ ಸೆಪ್ಟೆಂಬರ್‌ನಲ್ಲಿ, ಸಾಕಷ್ಟು ಗದ್ದಲವಾದ ಮೇಲೆ, ಅದನ್ನು ತೆಗೆದರು. ಭದ್ರತೆಯ ಪಟ್ಟಿಗಳೂ ಒತ್ತಡಕ್ಕೆ ಬದಲಾಗುತ್ತವೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

“ಎಲ್ಲವನ್ನೂ ಬಿಚ್ಚಿ ಹೇಳಿದರೆ ಉಗ್ರರಿಗೇ ಅನುಕೂಲ” ಎಂಬ ವಾದವಿದೆ. ಯಾರ ಚೀಲವನ್ನು ಯಾವಾಗ ತೆರೆಸುತ್ತಾರೆ ಎಂಬುದು ಗುಟ್ಟಾಗಿರಲಿ, ಸರಿ. ಆದರೆ ಏನು ಒಯ್ಯಬಹುದು, ಯಾಕೆ ಒಯ್ಯಬಾರದು ಅನ್ನುವುದರಲ್ಲಿ ಗುಟ್ಟು ಯಾಕೆ? 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂ ಒಳಗೆ ಸ್ಫೋಟಕ ಇಟ್ಟುಕೊಂಡು ವಿಮಾನ ಹತ್ತಿದ. ಆ ಕಾರಣಕ್ಕೆ ಅಮೆರಿಕ ಪ್ರಯಾಣಿಕರ ಶೂ ಬಿಚ್ಚಿಸಿತು. ತಂತ್ರಜ್ಞಾನ ಸುಧಾರಿಸಿದೆ ಎಂದು ಹೇಳಿ 2025ರ ಜುಲೈನಲ್ಲಿ ಕೈಬಿಟ್ಟಿತು. ನಿಯಮ ಬಂದದ್ದಕ್ಕೂ ಹೋದದ್ದಕ್ಕೂ ಜನರಿಗೆ ಕಾರಣ ಸಿಕ್ಕಿತು.

ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಲಿ ಎಂದು 2017ರಲ್ಲಿ ಉಡಾನ್ ಯೋಜನೆ ಶುರುವಾಯಿತು. ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಮನೆಗಳಿಂದ ಮೊದಲ ಸಲ ವಿಮಾನ ಹತ್ತುವವರಿಗೆ ಈ ನಿಯಮಗಳು ಗೊತ್ತಾಗುವುದು ಟ್ರೇ ಮುಂದೆ ನಿಂತಾಗಲೇ, ಅದೂ ಹಲವು ಸಲ ಹಿಂದಿಯಲ್ಲಿ. ಹಿಂದೆ ಸಾಲು ಬೆಳೆದಿರುತ್ತದೆ, ವಾದ ಮಾಡಲು ಪುರುಸೊತ್ತಿಲ್ಲ. ಕಾಯಿ ಡಬ್ಬಕ್ಕೆ ಬೀಳುತ್ತದೆ.

ಕೇಳಬೇಕಾದ್ದು ದೊಡ್ಡದೇನಲ್ಲ. ಕರ್ನಾಟಕದ ಪ್ರತಿ ವಿಮಾನ ನಿಲ್ದಾಣದ ಬ್ಯಾಗ್ ಕೌಂಟರ್ ಎದುರೇ ಕನ್ನಡದಲ್ಲಿ ಪಟ್ಟಿ ಹಾಕಲಿ, ಪ್ರತಿ ನಿಷೇಧದ ಪಕ್ಕ ಒಂದು ಸಾಲಿನ ಕಾರಣ ಬರೆಯಲಿ. ವಿನಾಯಿತಿ ಕೊಟ್ಟರೆ ಯಾವ ಪರೀಕ್ಷೆಯ ಮೇಲೆ ಕೊಟ್ಟಿದ್ದು ಎಂದು ಹೇಳಲಿ. ಅದೇ ಪರೀಕ್ಷೆಗೆ ಒಪ್ಪುವ ಎಲ್ಲರಿಗೂ, ವರ್ಷವಿಡೀ, ಅದೇ ವಿನಾಯಿತಿ ಇರಲಿ. ನಿಮ್ಮ ಸಂಸದರಿಗೆ ಕೇಳಲು ಇಷ್ಟು ಸಾಕು: ಇರುಮುಡಿಯ ಕಾಯಿಗೆ ಒಪ್ಪಿದ ಯಂತ್ರ ಉಡಿಯ ಕಾಯಿಗೆ ಯಾಕೆ ಒಪ್ಪುವುದಿಲ್ಲ?